ಹಂಪಮ್ಮನ ಸಕ್ಕರೆ ಪಹರೆ
“ತಲ್ಯಾಗಿನ ಕ್ಯಾನ್ಸರ್ ಗಡ್ಡಿ ಸಕ್ಕರಿ ತಿಂದು ಬೆಳೀತದ, ಔಷಧದ ಜೊತಿಗಿ ಅದನ್ನ ಉಪವಾಸ ಕೆಡವಿ ನೋಡೋಣು” ಎಂದು ರಾಯಚೂರಿನ ಡಾಕ್ಟರು ಗಂಡ ಬಸಲಿಂಗನ ಮುಂದೆ ಅಂದದ್ದೇ ತಡ, ಮಾನ್ವಿಯ ಹಂಪಮ್ಮ ಮನೆಬಾಗಿಲಿಗೆ ಪೊಲೀಸ್ ಚೌಕಿಯಾಗಿ ಕೂತುಬಿಟ್ಟಳು. ನೋಡಲು ಬಂದ ಬೀಗರ ಚೀಲ ಜಾಲಾಡಿ, ಹೋಳಿಗೆ ಸಿಕ್ಕರೆ ಅವರಿಗೇ ವಾಪಸು ಕಟ್ಟುತ್ತಾಳೆ. ರೊಟ್ಟಿಯೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದಂತೆ, ಅದೂ ಬಂದ್. “ಒಂದು ತುಣುಕರ ಕೊಡು ಬೇ” ಎಂದು ಬಸಲಿಂಗ ಗೋಗರೆದರೆ, “ನಿನಗ ಬ್ಯಾಡ ಅನ್ನಂಗಿಲ್ಲ, ನಿನ್ನ ತಲ್ಯಾಗ ಕುಂತಾಳಲ್ಲ, ಆ ಸವತಿಗಿ ನಾ ಉಣ್ಣಾಕ ಹಾಕಂಗಿಲ್ಲ!” ಎಂದು ತತ್ತಿ, ತುಪ್ಪದ ತಾಟು ಮುಂದಿಡುತ್ತಾಳೆ. ರೊಟ್ಟಿ ಬಡಿಯುವ ಸಪ್ಪಳಕ್ಕೇ ಅವನ ಬಾಯಲ್ಲಿ ನೀರೂರುತ್ತದೆಂದು, ತನ್ನ ಪಾಲಿನ ಎರಡು ರೊಟ್ಟಿಯನ್ನು ಹಿಂದಿನ ಓಣಿಯ ಬಡೇಬೀ ಮನೆಯಲ್ಲಿ ಬಡಿದು, ಅಲ್ಲೇ ತಿಂದು, ಬಾಯಿ ತೊಳೆದು ಬರುತ್ತಾಳೆ. ಬಳೆಸಂದಿಯ ಹಿಟ್ಟು ಮಾತ್ರ ದಿನಾ ಉಳಿದಿರುತ್ತದೆ. ಬಸಲಿಂಗ ಅದನ್ನು ನೋಡಿ, “ಹೊಟ್ಟಿ ತುಂಬ ಉಂಡಿಯೇನು ಬೇ?” ಎಂದಷ್ಟೇ ಕೇಳುತ್ತಾನೆ.