ಕೆತ್ತಿ ಹಾಕಿದ ಕಲ್ಲಿನ ಅಕ್ಷರಗಳು

ದೆವ್ವ, ಮಾಟ, ಕನಸಿನಲ್ಲಿ ಬಂದು ಹೇಳಿಹೋಗುವ ಹಿರಿಯರು, ಇವನ್ನೆಲ್ಲ ನಾನು ನಂಬಿದವಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಯಾರಾದರೂ ಇಂಥ ಕಥೆ ಹೇಳಿದರೆ ರಾತ್ರಿ ಊಟ ಹೆಚ್ಚಾಗಿತ್ತೇನು ಎಂದು ಕೇಳುತ್ತಿದ್ದೆ. ಈಗ ನೀವು ನನ್ನನ್ನೇ ಹಾಗೆ ಕೇಳಬಹುದು, ಬೇಸರವಿಲ್ಲ. ಆದರೆ ನಾನು ಹೇಳುವುದು ನಡೆದದ್ದು ರಾತ್ರಿಯಲ್ಲ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ, ಬೆಳಿಗ್ಗೆ, ಒಳ್ಳೆ ಬಿಸಿಲಿನಲ್ಲಿ.

ನಮ್ಮ ಮನೆಯವರು ಊರ ಇತಿಹಾಸ ಹುಡುಕುವುದರಲ್ಲೇ ಆಯುಷ್ಯ ಕಳೆದರು. ಬ್ಯಾಂಕಿನ ಕೆಲಸ ಹೊಟ್ಟೆಗೆ, ಶಾಸನದ ಕಲ್ಲು ಜೀವಕ್ಕೆ. ರವಿವಾರ ಬಂತೆಂದರೆ ಅಮ್ಮಿನಬಾವಿಯೋ ಶಿರಗುಪ್ಪಿಯೋ, ಸ್ಕೂಟರಿನ ಹಿಂದೆ ನಾನು, ನನ್ನ ತೊಡೆಯ ಮೇಲೆ ಬಕೆಟ್ಟು, ಅದರಲ್ಲಿ ಬ್ರಶ್ಶು, ಮಸಿ, ಕಾಗದದ ಸುರುಳಿ. ಸೀರೆಗೆ ಮಸಿ ಹತ್ತದ ರವಿವಾರವೇ ಇರಲಿಲ್ಲ. ಧಾರವಾಡದಲ್ಲಿ ಪಂಡಿತರಿಗೇನು ಬರವೇ? ಪದವಿಯಿಲ್ಲದ ಇವರನ್ನು ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಇವರು ಓದಿದ ಶಾಸನವನ್ನು ಮುಂದಿನ ಸಾಲಿನವರು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ. ಇವರು ಸಿಟ್ಟಾಗುತ್ತಿರಲಿಲ್ಲ, ಇವರ ಪಾಲಿನ ಸಿಟ್ಟನ್ನೂ ಸೇರಿಸಿ ನಾನೇ ಸಿಟ್ಟಾಗುತ್ತಿದ್ದೆ.

ಇವರದು ಒಂದೇ ನಿಯಮ. ಕಲ್ಲಿನಲ್ಲಿ ಇದ್ದಷ್ಟನ್ನೇ ಓದಬೇಕು. ಒಂದಕ್ಷರ ಸವೆದಿದ್ದರೆ, ಅಲ್ಲಿ ಏನಿತ್ತೆಂಬುದು ನನ್ನಂಥವಳಿಗೂ ತಿಳಿಯುವಂತಿದ್ದರೂ, ಚುಕ್ಕಿ ಇಟ್ಟು ಮುಂದೆ ಹೋಗುತ್ತಿದ್ದರು.

ಕಮರಿಪೇಟೆಯ ಹಳೆಯ ಬಾವಿಯೊಂದನ್ನು ಮುಚ್ಚಿ ಅಂಗಡಿ ಮಳಿಗೆ ಕಟ್ಟಲು ಪಕ್ಕದ ಜಾಗದವರು ಹೊರಟಿದ್ದರು. ಬಾವಿ ತಮ್ಮಜ್ಜ ತೋಡಿಸಿದ್ದು, ತಮ್ಮ ಸ್ವಂತದ್ದು ಎಂಬುದು ಅವರ ವಾದ. ಬಾವಿಯ ದಂಡೆಯ ಕಲ್ಲಿನ ತುದಿಯಲ್ಲಿ ಶಾಸನದ ಮೊದಲ ಸಾಲು ಕಾಣುತ್ತಿತ್ತು, ಬರೀ ದೇವರ ಸ್ತುತಿ. ಉಳಿದದ್ದು ಬಟ್ಟೆ ಒಗೆಯುವ ಕಟ್ಟೆಯ ಸಿಮೆಂಟಿನ ಹಿಂದೆ ಮುಚ್ಚಿಹೋಗಿತ್ತು. ಬಾವಿಯನ್ನು ಯಾರು, ಯಾರಿಗಾಗಿ ತೋಡಿಸಿದರೆಂಬುದು ಅಲ್ಲಿರಲೇಬೇಕು. ಇವರು ಅರ್ಜಿ ಕೊಟ್ಟು, ಅಲೆದಲೆದು, ಕಟ್ಟೆ ಒಡೆಯಲು ಕೊನೆಗೂ ಪರವಾನಗಿ ತಂದರು. ಬಾವಿ ಯಾರದೆಂದು ಪಾಲಿಕೆಯಲ್ಲಿ ಮರುದಿನವೇ ವಿಚಾರಣೆ. ನಾವು ಬಾವಿಯ ಹತ್ತಿರ ಹೋಗುವಷ್ಟರಲ್ಲಿ ಯಾರೋ ಕಟ್ಟೆಯನ್ನು ಒಡೆದು, ಉಳಿಯಿಂದ ಕಲ್ಲಿನ ಮೈಯನ್ನೆಲ್ಲ ಕೆತ್ತಿ ಹಾಕಿದ್ದರು. ಒಂದಕ್ಷರದ ಗುರುತೂ ಇರಲಿಲ್ಲ. ಕೆಳಗೆ ಚಕ್ಕೆಗಳು ಬಿದ್ದಿದ್ದವು.

ನಾನು ಬಾಯಿಗೆ ಬಂದಂತೆ ಬೈದೆ. ಇವರು ಬಕೆಟ್ಟಿಗೆ ನೀರು ತುಂಬಿಕೊಂಡು ಬಂದರು. ಅಳಿಸಿದ್ದಾರೆ ಎನ್ನುವುದಕ್ಕೂ ಪುರಾವೆ ಬೇಕಲ್ಲ ಎಂದರು. ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ ಬ್ರಶ್ಶಿನಿಂದ ಬಡಿದೆವು. ಹಾಗೆ ಬಡಿದರೆ ಕಾಗದ ಅಕ್ಷರದ ತಗ್ಗಿನೊಳಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದಾಗ ತಗ್ಗಿಗೆ ತಾಗದೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಈ ಕಲ್ಲಿನಿಂದ ಬರಬೇಕಾದದ್ದು ಉಳಿಯ ಗೀರುಗಳು. ಬಂದದ್ದು ಅಕ್ಷರಗಳು.

ಮಸಿ ಒತ್ತುತ್ತಿದ್ದವಳು ನಾನೇ. ಸಾಲಿನ ಕೆಳಗೆ ಸಾಲು ಮೂಡುತ್ತ ಹೋಯಿತು. ಕಾಗದ ಬಿಡಿಸಿ ಕಲ್ಲಿನ ಮೇಲೆ ಅಂಗೈ ಆಡಿಸಿದೆ, ಬರೀ ತರಿತರಿ. ಮತ್ತೆ ಕಾಗದ ನೋಡಿದೆ, ಅಕ್ಷರಗಳು ಹಾಗೇ ಇದ್ದವು. ಒಬ್ಬ ಹೆಣ್ಣುಮಗಳು ಬಾವಿ ತೋಡಿಸಿ ಊರವರಿಗೂ ದಾರಿಹೋಕರಿಗೂ ಬಿಟ್ಟುಕೊಟ್ಟಳು ಎಂದಿತ್ತು. ನಮಗೆ ಬೇಕಾಗಿದ್ದುದು ಅಷ್ಟೇ.

ಕಾಗದ ಸುತ್ತಿಕೊಂಡು ಮನೆಗೆ ಬಂದೆವು. ಒಣಗಿದ ಕಾಗದವನ್ನು ನಾನು ಮರುದಿನದ ವಿಚಾರಣೆಗೆಂದು ಚೀಲಕ್ಕೆ ಹಾಕಿದಾಗ, ಹೊರಗೆ ತೆಗೆ, ಒಯ್ಯುವುದು ಬೇಡ ಎಂದರು.

“ಕಲ್ಲಿನ್ಯಾಗ ಇಲ್ಲದ್ದನ್ನ ನಾ ಓದಂಗಿಲ್ಲ.”

“ಇಬ್ರೂ ಕಣ್ಣಾರೆ ನೋಡೇವಲ್ರಿ.”

“ನೋಡೇವಿ. ನಾಳೆ ಇನ್ನೊಬ್ಬಾಂವ ಹಿಂಗ ಒಂದು ಕಾಗದ ತೊಗೊಂಡು ಬಂದು, ಬಾವಿ ನಮ್ಮಜ್ಜಂದು ಅಂತ ಬರದೈತಿ, ಕಲ್ಲಷ್ಟ ಅಳಿಸೈತಿ ಅಂದ್ರ? ಅವಂಗ ಏನಂತ ಹೇಳೂದು?”

ಅವತ್ತು ಜಗಳಾಡಿದಷ್ಟು ಮದುವೆಯಾದ ಮೇಲೆ ಎಂದೂ ಆಡಿರಲಿಲ್ಲ. ಕಲ್ಲು ಕೆತ್ತಿದವರಿಗೆ ಯಾವ ನಿಯಮವೂ ಇಲ್ಲ, ನಿಮಗೊಬ್ಬರಿಗೇ ಯಾಕೆ ಎಂದೆ. ಇವರು ಎದ್ದು ಬಕೆಟ್ಟು ತೊಳೆಯಲು ಹೋದರು. ವಿಚಾರಣೆಯಲ್ಲಿ ಅಧಿಕಾರಿ ಪುರಾವೆ ಏನಿದೆ ಎಂದು ಕೇಳಿದರು. ಇವರು ಎದ್ದು ನಿಂತು, “ಏನೂ ಇಲ್ರಿ” ಎಂದರು. ಎದುರಿನ ವಕೀಲರು ನಕ್ಕರು. ಮಳೆಗಾಲಕ್ಕೆ ಮೊದಲೇ ಬಾವಿಗೆ ಮಣ್ಣು ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲೆ ಇವರು ಬಕೆಟ್ಟು ಮುಟ್ಟಲಿಲ್ಲ, ಬಹಳ ಕಾಲ ಬದುಕಲೂ ಇಲ್ಲ. ಮಳಿಗೆಯ ಉದ್ಘಾಟನೆಗೆ ನನಗೆ ಕರೆ ಬಂತು. ಇತಿಹಾಸಕಾರರ ಪತ್ನಿಗೆ ಶಾಲು ಹೊದಿಸುತ್ತಾರಂತೆ. ನನ್ನ ಹತ್ತಿರ ಶಾಲಿದೆ ಎಂದು ಹೇಳಿ ಕಳಿಸಿದೆ.

ಹೀಗೆ ಕಲ್ಲಿನಿಂದ ಕಾಗದಕ್ಕೆ ತೆಗೆದ ಪ್ರತಿ ಪಡಿಯಚ್ಚಿನ ಕೆಳಗೂ ಸ್ಥಳದ ಹೆಸರು, ಓದಿದ್ದು ಏನೆಂದು ಬರೆದು ಸಹಿ ಮಾಡುವುದು ಇವರ ಪದ್ಧತಿ. ಇವರು ಹೋದ ಮೇಲೆ ಆ ಕಾಗದ ಬಿಚ್ಚಿ ನೋಡಿದೆ. ಅಕ್ಷರಗಳು ಬೆಳ್ಳಗೆ ಹಾಗೇ ಇವೆ, ಇವತ್ತಿಗೂ ಇವೆ. ಕೆಳಗೆ ಇವರ ಕೈಬರಹ: “ಕಮರಿಪೇಟೆ. ಅಕ್ಷರಗಳಿಲ್ಲ.” ಅಷ್ಟು ಶುದ್ಧ ಮನುಷ್ಯ ಜೀವಮಾನದಲ್ಲಿ ಬರೆದ ಸುಳ್ಳು ಅದೊಂದೇ.

ಆ ಅಕ್ಷರಗಳು ಎಲ್ಲಿಂದ ಬಂದವೋ ನನಗೆ ಗೊತ್ತಿಲ್ಲ. ನನ್ನ ವಿಜ್ಞಾನಕ್ಕೂ ಗೊತ್ತಿಲ್ಲ, ಆ ಮಾತು ಬಿಟ್ಟೇಬಿಟ್ಟಿದ್ದೇನೆ. ನನಗೆ ಉರಿಯುವುದು ಬೇರೆ. ಇಡೀ ಹುಬ್ಬಳ್ಳಿಯಲ್ಲಿ ಅವನ್ನು ಕಂಡೂ ಇಲ್ಲವೆನ್ನುವ ಮನುಷ್ಯ ಒಬ್ಬನೇ ಇದ್ದ, ಅವು ಹುಡುಕಿಕೊಂಡು ಬಂದದ್ದು ಅವನ ಹತ್ತಿರವೇ.