ಗಾಳಿಗೆ ಹೆದರಿದ ಮನೆ

ನನ್ನ ಕೆಲಸವೇ ಬೂಷ್ಟು ಹುಡುಕುವುದು. ಒನೆಹುಂಗಾದ ಒಂದು ಆಹಾರ ಕಾರ್ಖಾನೆಯ ಲ್ಯಾಬಿನಲ್ಲಿ ಚೀಸು, ಬ್ರೆಡ್ಡು, ಸಾಸುಗಳ ಚೂರನ್ನು ಗಾಜಿನ ತಟ್ಟೆಯಲ್ಲಿಟ್ಟು, ಅದರ ಮೇಲೆ ಏನಾದರೂ ಬೆಳೆಯುತ್ತದೆಯೇ ಎಂದು ದಿನವಿಡೀ ನೋಡುತ್ತೇನೆ. ಇಂಥವಳ ಮನೆಯಲ್ಲೇ, ಮಗಳು ಮಲಗುವ ಕೋಣೆಯ ಬೀರುವಿನ ಹಿಂದೆ, ಚಾಪೆಯಷ್ಟಗಲ ಕರೀ ಬೂಷ್ಟು ಬೆಳೆದಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು.

ಮಗಳಿಗೆ ಆಗ ನಾಲ್ಕು ವರ್ಷ. ಕಾರ್ಖಾನೆಗೆ ಹತ್ತಿರವೆಂದು ಹಿಡಿದಿದ್ದ ಹಳೆಯ ಮರದ ಬಾಡಿಗೆ ಮನೆಯಲ್ಲಿ ಅದು ನಮ್ಮ ಮೊದಲ ಚಳಿಗಾಲ. ಭೂಮಿಯ ಈ ದಕ್ಷಿಣ ತುದಿಯಲ್ಲಿ ಚಳಿ ಶುರುವಾಗುವ ಜೂನ್ ಬಂದದ್ದೇ ತಡ, ಅವಳ ಎದೆಯಲ್ಲಿ ಸುಂಯ್ ಸುಂಯ್ ಶುರುವಾಯಿತು. ಅವಳ ಬೆನ್ನಿಗೆ ಕಿವಿಯಿಟ್ಟು ಆ ಸದ್ದನ್ನು ಕೇಳುವುದು ನನಗೊಂದು ಚಟವೇ ಆಗಿಹೋಯಿತು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಔಷಧಿ ಕೊಟ್ಟರೆ ಎರಡು ದಿನಕ್ಕೆ ಸರಿಹೋಗುತ್ತಿತ್ತು, ಮನೆಗೆ ಬಂದ ವಾರಕ್ಕೆ ಮತ್ತೆ ಅದೇ ರಾಗ. ಮೂರನೆಯ ಸಲ ಸೇರಿಸಿದಾಗ, ಒಂದೊಂದು ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಇವಳು ನನ್ನ ಕೈತಪ್ಪಿ ಹೋಗುತ್ತಾಳೆ ಎಂದು ಅವತ್ತು ನಿಜವಾಗಿ ಹೆದರಿದೆ.

ಮೈಸೂರಿನಿಂದ ಅಮ್ಮ ದಿನಾ ವಿಡಿಯೋ ಕಾಲ್ ಮಾಡುತ್ತಿದ್ದಳು. "ಕಿಟ್ಕಿ ಎಲ್ಲಾ ಮುಚ್ಚಿದೀಯ ತಾನೆ? ಮಗೂಗೆ ಗಾಳಿ ಆಗ್ತಿದೆ ಕಣೇ, ಇನ್ನೇನಿಲ್ಲ."

ಅಮ್ಮನ ವೈದ್ಯಶಾಸ್ತ್ರದಲ್ಲಿ ಎಲ್ಲ ಕಾಯಿಲೆಗೂ ಗಾಳಿಯೇ ಮೂಲ. ತಲೆನೋವೆಂದರೆ ಗಾಳಿ ಹೊಡೆದಿದೆ, ಮಗು ರಚ್ಚೆ ಹಿಡಿದರೆ ಗಾಳಿ ಸೋಕಿದೆ. ಮೈಕ್ರೋಬಯಾಲಜಿ ಓದಲೆಂದೇ ಈ ದೇಶಕ್ಕೆ ಬಂದವಳು ನಾನು, ಕೇಳಿ ನಕ್ಕು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಅಮ್ಮನದೇ ಹಳೆಯ ಹತ್ತಿ ಸೀರೆಯೊಂದನ್ನು ಉದ್ದುದ್ದ ಹರಿದು, ಪಟ್ಟಿಗಳನ್ನು ಕಿಟಕಿಯ ಸಂದುಗೊಂದುಗಳಿಗೆ ಚಾಕುವಿನಿಂದ ತುರುಕಿದೆ. ಒದ್ದೆ ಬಟ್ಟೆಗಳೂ ಒಳಗೇ ಒಣಗುತ್ತಿದ್ದವು.

"ಇದೇನ ಮನಿನೋ, ಉಪ್ಪಿನಕಾಯಿ ಭರಣಿನೋ?" ಎಂದ ನನ್ನ ಗಂಡ. ಅವನು ಧಾರವಾಡದವನು. ನಾನು ದುರುಗುಟ್ಟಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡು ಉಳಿದ ಕಿಟಕಿಗಳಿಗೆ ಪಟ್ಟಿ ತುರುಕಲು ಬಂದ.

ಆ ಮೂರನೆಯ ಸಲ ಮನೆಗೆ ಕಳಿಸುವಾಗ ಡಾಕ್ಟರು, ಮನೆಯೊಳಗೆ ತೇವ ಇದೆಯೇ, ಒಬ್ಬ ನರ್ಸು ಬಂದು ನೋಡಬಹುದೇ ಎಂದು ಕೇಳಿದರು. ಡಾಕ್ಟರಿಗೆ ಬೇಡ ಎಂದು ಹೇಳಿ ನನಗೆ ಅಭ್ಯಾಸವಿಲ್ಲ, ತಲೆಯಾಡಿಸಿಬಿಟ್ಟೆ. ಕಾರು ಹತ್ತಿದ ಮೇಲೆ ಯೋಚನೆ ಶುರುವಾಯಿತು. ಸರ್ಕಾರದ ಕಡೆಯವರು ಮನೆ ನೋಡಲು ಬರುವುದು ನಮ್ಮ ಕಡೆ ಯಾರಿಗೂ ಒಳ್ಳೆಯ ಸುದ್ದಿಯಲ್ಲ. ಇವಳಿಗೆ ಮಗು ಸಾಕಲು ಬರುವುದಿಲ್ಲ ಎಂದು ಬರೆದುಕೊಂಡು ಹೋದರೆ? ಮಗುವನ್ನೇ ಕರೆದುಕೊಂಡು ಹೋದರೆ?

ಎರಡು ದಿನ ಮನೆ ತಿಕ್ಕಿದೆ. ನರ್ಸು ಬರುವ ದಿನ ಬೆಳಿಗ್ಗೆ ಸಾರಿಗೆ ಇಂಗಿನ ಒಗ್ಗರಣೆ ಹಾಕಿದ್ದೆ. ಮುಚ್ಚಿದ ಮನೆಯಲ್ಲಿ ಆ ವಾಸನೆ ಎಲ್ಲಿಗೆ ಹೋಗಬೇಕು? ಅದು ಅವರ ಮೂಗಿಗೆ ಬಡಿಯಬಾರದೆಂದು ಸಾಂಬ್ರಾಣಿ ಹಚ್ಚಿ, ಕೋಣೆಕೋಣೆಗೂ ತಿರುಗಿಸಿ, ಚೆನ್ನಾಗಿ ಹೊಗೆ ಹಿಡಿಸಿದೆ. ಉಸಿರಾಟದ ಕಷ್ಟ ವಿಚಾರಿಸಲು ಬರುವವರನ್ನು ಹೊಗೆ ಹಾಕಿ ಬರಮಾಡಿಕೊಂಡ ಮಹಾತಾಯಿ ನಾನೊಬ್ಬಳೇ ಇರಬೇಕು.

ನರ್ಸು ಸಮೋವಾ ದ್ವೀಪದ ಕಡೆಯವರು, ಐವತ್ತು ದಾಟಿದ ದೊಡ್ಡ ಮೈಕಟ್ಟಿನ ಹೆಂಗಸು. ನಾನು ಹೇಳುವ ಮೊದಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಒಳಗೆ ಕಾಲಿಟ್ಟರು, ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದರು. "ಇವತ್ತು ನಿಮ್ಮಲ್ಲಿ ಹಬ್ಬವಾ?" ಎಂದು ಮಾತ್ರ ಕೇಳಿದರು.

ಮಗಳ ಕೋಣೆಯಲ್ಲಿ ಗೋಡೆ ಮುಟ್ಟಿ ನೋಡಿ, ಬೀರುವನ್ನು ಒಂದೇ ಕೈಯಲ್ಲಿ ಆಚೆ ಎಳೆದರು. ಬೂಷ್ಟು ಕಂಡಿತು. ನನ್ನ ಕಾರ್ಖಾನೆಯಲ್ಲಾದರೆ ಅದರ ಕಾಲುಭಾಗ ಕಂಡರೂ ಇಡೀ ಸರಕನ್ನು ಎಸೆಯುತ್ತಿದ್ದೆ. ಆಮೇಲೆ ಅವರು ಕಿಟಕಿಯ ಸಂದಿನಿಂದ ಸೀರೆಯ ಪಟ್ಟಿ ಎಳೆದರು. ಅದು ಬಂತು, ಬರುತ್ತಲೇ ಇತ್ತು. ಒದ್ದೆಯಾಗಿ, ಅಂಚಿನಲ್ಲಿ ಕಪ್ಪಾಗಿ.

ಇದೇನು ಎಂದು ಕೇಳಿದರು. ಗಾಳಿ ಸೋಕುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? "ವಿಂಡ್ ವಿಲ್ ಟಚ್ ಹರ್, ಮೈ ಮದರ್ ಸೇಸ್" ಎಂದೆ. ಹೇಳುತ್ತಲೇ ಅಳು ಬಂತು. ಮಗೂನ ಕರ್ಕೊಂಡು ಹೋಗ್ತೀರಾ ಎಂದು ಕೇಳಿಯೇಬಿಟ್ಟೆ.

ಅವರು ಮಗಳ ಮಂಚದ ಮೇಲೆ ಕೂತು, ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡರು. "ನಾನು ಬಂದಿರೋದು ಗೋಡೆ ನೋಡೋಕೆ, ನಿನ್ನನ್ನಲ್ಲ" ಎಂದರು. ಆಮೇಲೆ ಸೀರೆಯ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತಾ, "ನಮ್ಮಮ್ಮನೂ ಗಾಳಿ ಅಂದ್ರೆ ಹೀಗೇ ಹೆದರ್ತಿದ್ದಳು. ಆದರೆ ಊರಲ್ಲಿ ಅವಳ ಮನೆಗೆ ಗೋಡೆಗಳೇ ಇರಲಿಲ್ಲ. ಬರೀ ಕಂಬ, ಮೇಲೊಂದು ಸೂರು" ಎಂದರು.

ನನಗೆ ಮೈಸೂರಿನ ಮನೆ ಕಣ್ಣಮುಂದೆ ಬಂತು. ಹೆಂಚಿನ ಸಂದು, ಸೂರಿನ ಕೆಳಗಿನ ಗವಾಕ್ಷಿ, ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತಿದ್ದ ಬೀದಿಬಾಗಿಲು. ಅಲ್ಲಿ ಅಮ್ಮ ಒಂದು ಕಿಟಕಿ ಮುಚ್ಚಿದರೆ ಹತ್ತು ಕಡೆಯಿಂದ ಗಾಳಿ ಬರುತ್ತಿತ್ತು. ಆ ಮನೆಗೆ ಅವಳ ಮಾತು ಸರಿಯಾಗಿಯೇ ಇತ್ತು. ಅದನ್ನು ತಂದು ಈ ಮನೆಗೆ ಹಾಕಿದವಳು ನಾನು.

ದಿನಾ ಬೆಳಿಗ್ಗೆ ಎದುರುಬದುರು ಕಿಟಕಿ ತೆರೆಯಬೇಕು, ಬಟ್ಟೆ ಹೊರಗೆ ಒಣಗಬೇಕು, ಮಂಚ ಗೋಡೆಯಿಂದ ದೂರವಿರಬೇಕು, ಹೊಗೆ ಬೇಡ, ದೇವರದ್ದಾದರೂ ಬೇಡ. ನರ್ಸು ಇಷ್ಟನ್ನು ಬರೆದುಕೊಟ್ಟು, ನನ್ನೆದುರೇ ಮನೆಯ ಮಾಲೀಕನಿಗೆ ಫೋನು ಮಾಡಿದರು. ನಾನು ಹುಲಿಯೆಂದು ಹೆದರುತ್ತಿದ್ದ ಆ ಮನುಷ್ಯ ಮುಂದಿನ ವಾರ ಹಿಂದೆ ಸಾಮಾನು ಹೇರುವ ತನ್ನ ಯೂಟ್ ಗಾಡಿಯಲ್ಲಿ ಬಂದು, ಬಚ್ಚಲಿಗೆ ಫ್ಯಾನನ್ನೂ ಹಜಾರಕ್ಕೆ ಹೀಟರನ್ನೂ ಹಾಕಿಸಿ, ಸೀಬೇಹಣ್ಣು ಕೊಟ್ಟು ಹೋದ. ನರ್ಸಿನ ಕಡೆಯಿಂದ ದಪ್ಪನೆಯ ಪರದೆಗಳು ಬಂದವು, ಯಾರೋ ಬಳಸಿ ಕೊಟ್ಟಂಥವು. ಅವನ್ನು ಒಗೆದು, ನಮ್ಮ ಕಿಟಕಿಯ ಅಳತೆಗೆ ಅಂಚು ಮಡಿಸಿ ಹೊಲಿದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಆ ಹೊಲಿಗೆಯ ಮೇಲೆ ಕೈಯಾಡಿಸಿದಾಗಲೆಲ್ಲ ಅವರಿಗೆ ಒಳ್ಳೆಯದಾಗಲಿ ಅಂದುಕೊಳ್ಳುತ್ತೇನೆ.

ಅಮ್ಮನಿಗೆ ಮಾತ್ರ ಇವತ್ತಿಗೂ "ಮುಚ್ಚಿದೀನಮ್ಮ, ಎಲ್ಲಾ ಮುಚ್ಚಿದೀನಿ" ಎನ್ನುತ್ತೇನೆ.

ಮರುವರ್ಷದ ಚಳಿಗಾಲ ಆಸ್ಪತ್ರೆಯ ಮುಖ ನೋಡದೆ ಕಳೆಯಿತು. ಆಗಸ್ಟಿನ ಒಂದು ಭಾನುವಾರ ಏವನ್‌ಡೇಲ್ ಸಂತೆಯಲ್ಲಿ ಕೆಸುವಿನ ಗೆಡ್ಡೆಯ ರಾಶಿಯ ಮುಂದೆ ಅದೇ ನರ್ಸು ಕಂಡರು. ಸಿಕ್ಕರೆ ಏನು ಹೇಳಬೇಕೆಂದು ವರ್ಷವಿಡೀ ಮನಸ್ಸಿನಲ್ಲೇ ಬಾಯಿಪಾಠ ಮಾಡಿದ್ದೆ, ಎದುರು ನಿಂತರೆ ಒಂದೂ ನೆನಪಾಗಲಿಲ್ಲ. ಅವರಿಗೆ ನನ್ನ ಮುಖದ ಗುರುತೂ ಹತ್ತಲಿಲ್ಲ. "ಕಿಟಕಿಯಲ್ಲಿ ಸೀರೆ" ಎಂದೆ.

"ಓ, ಹೊಗೆ ಹಾಕಿದವಳು!" ಎಂದು ಸಂತೆಗೆಲ್ಲ ಕೇಳುವಂತೆ ನಕ್ಕರು. "ಮಗು ಎಲ್ಲಿ?"

ಮಗಳು ಸಂತೆಯ ಆ ತುದಿಯಲ್ಲಿದ್ದಳು. ಕೂಗಿ ಕರೆದೆ. "ಅಮ್ಮಾ, ದೇ ಹ್ಯಾವ್ ಪಪಾಯಾ!" ಎಂದು ಅರಚುತ್ತಾ, ತರಕಾರಿ ಪೆಟ್ಟಿಗೆಗಳನ್ನು ಹಾರುತ್ತಾ ಅಷ್ಟು ದೂರದಿಂದ ಒಂದೇ ಓಟದಲ್ಲಿ ಬಂದಳು.

ನರ್ಸು ಚೀಲ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತರು, ಅವಳ ಬೆನ್ನಿನ ಮೇಲೆ ಅಂಗೈಯಿಟ್ಟು ತಲೆ ಓರೆ ಮಾಡಿದರು. ನಾನೂ ಚಟದಂತೆ ಬಗ್ಗಿ ಇನ್ನೊಂದು ಕಡೆಯಿಂದ ಕಿವಿಯಿಟ್ಟೆ. ಸಂತೆಯ ನಡುವೆ ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು. ಕೇಳಲು ಏನೂ ಇರಲಿಲ್ಲ.