ಲೀಲಕ್ಕನ ಮನೆಯ ಆಕ್ಸಿಜನ್ ಮೆಷಿನ್

ಮೂರು ವರ್ಷಗಳ ಹಿಂದೆ ನಾನು ದ್ವಿತೀಯ ಪಿಯುಸಿಯಲ್ಲಿದ್ದೆ. ಹುದ್ದೆ ಯಾವುದು ಎಂದು ಕೇಳಿದರೆ, ಬೋಳಾರದ ನಮ್ಮ ಓಣಿಗೆ ಮೆಕ್ಯಾನಿಕ್! ಹಂಪನಕಟ್ಟೆಯಲ್ಲಿ ಮಾಮನ ಮಿಕ್ಸಿ ರಿಪೇರಿ ಅಂಗಡಿ ಇತ್ತು. ಅರ್ಧ ಅಲ್ಲಿ ನೋಡಿ ಕಲಿತದ್ದು, ಅರ್ಧ ಮೊಬೈಲಿನ ವಿಡಿಯೊಗಳಲ್ಲಿ. ಸ್ವಿಚ್ ಹಾಕಿದಾಗ ತಿರುಗಿದರೆ ಕೆಲಸ ಮುಗಿಯಿತು ಎಂಬುದು ಅಂಗಡಿಯ ಲೆಕ್ಕ.

ಪಕ್ಕದ ಮನೆಯ ಲೀಲಕ್ಕನ ಗಂಡ ವಾಸಣ್ಣನಿಗೆ ಶ್ವಾಸಕೋಶದ ಕಾಯಿಲೆ. ಅವರಿಗೆ ದಿನವಿಡೀ ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕು. ಅದು ಕೋಣೆಯ ಗಾಳಿಯನ್ನು ಒತ್ತಡದಲ್ಲಿ ಶೋಧಿಸಿ, ಸಾರಜನಕವನ್ನು ತಡೆದು, ಆಮ್ಲಜನಕ ಹೆಚ್ಚಿರುವ ಗಾಳಿಯನ್ನು ಮೂಗಿಗೆ ಕೊಡುವ ಪೆಟ್ಟಿಗೆ. ಒಂದು ಶನಿವಾರ ಬೆಳಿಗ್ಗೆ ಅದು ನಿಂತುಬಿಟ್ಟಿತು. ಸರ್ವಿಸ್‌ನವರು ಸೋಮವಾರ ಬರುತ್ತೇವೆ ಎಂದರು. ಮನೆಯಲ್ಲಿದ್ದ ಸಣ್ಣ ಸಿಲಿಂಡರ್ ಕೆಲವೇ ಗಂಟೆಗೆ ಸಾಕು.

“ನಿನಗೆ ಆಗ್ತದಾ ಸಫಾ?”

“ಎಂತ ಲೀಲಕ್ಕ, ಮೋಟರ್ ಇರುವ ಪೆಟ್ಟಿಗೆ ಅಲ್ವಾ ಅದು!”

ಬಿಚ್ಚಿದೆ. ಒಂದು ವಯರ್ ಸುಟ್ಟಿತ್ತು, ಬದಲಿಸಿದೆ. ಅದಕ್ಕಾಗಿ ಒಂದು ಟ್ಯೂಬ್ ತೆಗೆಯಬೇಕಾಯಿತು. ತೆಗೆಯುವಾಗ ಅದರ ಕ್ಲಿಪ್ ಮುರಿಯಿತು. ಮಾಮನ ಅಂಗಡಿಯಲ್ಲಿ ಮಾಡುವಂತೆ ಕೇಬಲ್ ಟೈ ಎಂಬ ಪ್ಲಾಸ್ಟಿಕ್ ಪಟ್ಟಿ ಬಿಗಿದೆ. ಮೆಷಿನ್ ಓಡಿತು, ಗಾಳಿಯ ಹರಿವು ತೋರಿಸುವ ಗುಂಡು ಮೇಲೇರಿತು. ನಾನೂ ಸ್ವಲ್ಪ ಮೇಲೇರಿದೆ.

ವಾಸಣ್ಣನ ಮೂಗಿನ ಟ್ಯೂಬನ್ನು ಸಿಲಿಂಡರಿನಿಂದ ಮೆಷಿನ್ನಿಗೆ ಬದಲಿಸಿದ ಹತ್ತು ನಿಮಿಷದಲ್ಲಿ, ಬೆರಳಿನ ಆಕ್ಸಿಮೀಟರಿನಲ್ಲಿ ರಕ್ತದ ಆಮ್ಲಜನಕ 84ಕ್ಕೆ ಇಳಿದಿತ್ತು. ಬೆರಳು ತಣ್ಣಗಿರಬೇಕು ಎಂದು ಉಜ್ಜತೊಡಗಿದೆ. ನಾನು ರಿಪೇರಿ ಮಾಡಿದ್ದನ್ನು ಬಿಟ್ಟು ಬೇರೆಲ್ಲದರ ಮೇಲೂ ನನಗೆ ಅನುಮಾನ! 83.

“ಕುತ್ತಿಗೆ ನೋಡು ಮಾರಾಯ್ತಿ, ಉಸಿರು ತೆಗೆಯುವಾಗ ಗುಂಡಿ ಬೀಳ್ತಾ ಉಂಟು,” ಎಂದ ಲೀಲಕ್ಕ ನನ್ನ ಕೈ ಸರಿಸಿ, ಮೂಗಿನ ಟ್ಯೂಬನ್ನು ಮತ್ತೆ ಸಿಲಿಂಡರಿಗೆ ಹಾಕಿದರು. “ನಿನ್ನ ಮೆಷಿನ್ ಸರಿ ಇಲ್ಲ. ರಿಕ್ಷಾ ಕರಿ.”

ಸಿಲಿಂಡರ್, ಮೆಷಿನ್, ನಾವು ಮೂವರು ಒಂದೇ ರಿಕ್ಷಾದಲ್ಲಿ ಕಂಕನಾಡಿಯ ಆಸ್ಪತ್ರೆಗೆ ಹೋದೆವು. ಕ್ಯಾಶುವಾಲ್ಟಿಯಲ್ಲಿ ಆಕ್ಸಿಜನ್ ಹಾಕಿದ ಮೇಲೆ ವಾಸಣ್ಣ ಕಣ್ಣು ತೆರೆದು ಕೇಳಿದ್ದು: “ಮಿಕ್ಸಿಯ ಗಾಳಿ ಕೊಟ್ಟದ್ದಾ ಮಗಾ ನನಗೆ?” ನಾನು ಅತ್ತುಬಿಟ್ಟೆ.

ಆಸ್ಪತ್ರೆಯ ಉಪಕರಣಗಳನ್ನು ನೋಡಿಕೊಳ್ಳುವ ಪ್ರಮೀಳಾ ಮೇಡಂ ನಮ್ಮ ಮೆಷಿನ್ನಿಗೆ ಆಕ್ಸಿಜನ್ ಅನಲೈಸರ್ ಜೋಡಿಸಿದರು. ಆಮ್ಲಜನಕ ಶೇಕಡಾ ತೊಂಬತ್ತರ ಮೇಲೆ ಇರಬೇಕಾದದ್ದು 58 ಇತ್ತು.

“ಗಾಳಿ ಬರ್ತದೆ ಅಂತ ನೋಡಿದ್ದಿ. ಯಾವ ಗಾಳಿ ಅಂತ ನೋಡ್ಲಿಲ್ಲ. ಎಂತೆಲ್ಲ ಬಿಚ್ಚಿದ್ದಿ? ಒಂದೂ ಬಿಡದೆ ಹೇಳು.”

ಕೇಬಲ್ ಟೈ ವಿಷಯ ನುಂಗಿಬಿಡೋಣ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಹೇಳಿದೆ. ಅವರು ಅಲ್ಲಿಗೇ ಸೋಪಿನ ನೀರು ಹಚ್ಚಿದರು, ಗುಳ್ಳೆಗಳೆದ್ದವು. ಶೋಧಕಕ್ಕೆ ಬೇಕಾದ ಒತ್ತಡವೆಲ್ಲ ಆ ಸಂದಿಯಲ್ಲಿ ಸೋರುತ್ತಿತ್ತು.

“ಬೈಯಿರಿ ಮೇಡಂ.”

“ಬೈದ್ರೆ ಮುಂದಿನ ಸಲ ನೀನು ಹೇಳುವುದಿಲ್ಲ,” ಎನ್ನುತ್ತ ಸರಿಯಾದ ಕ್ಲಾಂಪ್ ಹಾಕಿದರು. 93 ಬಂದ ಮೇಲೂ ಬಿಡಲಿಲ್ಲ. ಅರ್ಧ ಗಂಟೆ ನನ್ನನ್ನು ಮುಂದೆ ಕೂರಿಸಿ, ಐದೈದು ನಿಮಿಷಕ್ಕೆ ಅನಲೈಸರಿನ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆಸಿದರು. “ಇದನ್ನೇ ಓದ್ಲಿಕ್ಕೆ ಉಂಟು, ಗೊತ್ತುಂಟಾ? ಬಯೋಮೆಡಿಕಲ್ ಇಂಜಿನಿಯರಿಂಗ್.”

ಗೊತ್ತಿರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಸೈನ್ಸ್ ಎಂದು ತೀರ್ಮಾನವಾಗಿತ್ತು. ಆ ಚೀಟಿಯನ್ನು ಉಪ್ಪನ, ಎಂದರೆ ಅಪ್ಪನ, ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಅಂಕಿಗಳನ್ನು ಒಂದೊಂದಾಗಿ ಓದಿ, “ತಪ್ಪು ಎಲ್ಲಿ ಆಯ್ತು ಅಂತ ಗೊತ್ತಾಗುವ ಕೆಲಸ ಒಳ್ಳೆಯದೇ,” ಎಂದರು. ಈಗ ಅದನ್ನೇ ಓದುತ್ತಿದ್ದೇನೆ.

ಅಂದು ಆಸ್ಪತ್ರೆಗೆ ಹೋದ ಮೂರನೇ ದಿನ ವಾಸಣ್ಣ ಮನೆಗೆ ಬಂದಾಗ ಲೀಲಕ್ಕ ನನ್ನನ್ನೇ ಕರೆದರು. “ನೀನೇ ಹಾಕು.” ಸ್ವಿಚ್ ಹಾಕಿದೆ. ಮೆಷಿನ್ ಓಡಿತು, ಗುಂಡು ಏರಿತು. ನಾನು ಅದನ್ನು ಬಿಟ್ಟು ವಾಸಣ್ಣನ ಕುತ್ತಿಗೆ ನೋಡುತ್ತ ಕುಳಿತೆ, ಅವರಿಗೆ ನಿದ್ದೆ ಬರುವವರೆಗೆ. ರಿಪೇರಿ ಆಗಿದೆ ಎಂದು ಹೇಳಬೇಕಾದವರು ಅವರು.